ಖಾಲಿ ಹಿಡಿಯುವುದು

ಎಂಟನೆಯ ಸೆಕೆಂಡಿಗೆ ಅಪ್ಪನ ದನಿ ಬರಬೇಕಿತ್ತು. ಬರಲಿಲ್ಲ.

ಅವನು ಕುರ್ಚಿಯ ತುದಿಗೆ ಸರಿದ. ಒಂಬತ್ತು. ಹತ್ತು. ಕಾಲೇಜಿನ ಸಭಾಂಗಣದ ದೀಪಗಳನ್ನೆಲ್ಲ ಆರಿಸಿದ್ದರು. ಪರದೆಯ ಮೇಲೆ ಹದಿನೇಳು ಎಂಬ ಅಂಕಿ ಬೆಳ್ಳಗೆ ನಿಂತಿತ್ತು. ಯಾವುದು ಯಾರ ಕೆಲಸವೆಂದು ತೀರ್ಪುಗಾರರಿಗೆ ತಿಳಿಯಬಾರದೆಂದು ಎಲ್ಲರಿಗೂ ಒಂದೊಂದು ಅಂಕಿ ಕೊಟ್ಟಿದ್ದರು. ಬೆಳಗ್ಗೆಯಿಂದ ಅವನ ಕೊರಳಲ್ಲೂ ಅದೇ ಅಂಕಿ ನೇತಾಡುತ್ತಿತ್ತು. ಎರಡು ದೊಡ್ಡ ಸ್ಪೀಕರುಗಳಿಂದ ತೆಳ್ಳನೆಯ ಒಂದು ಸುಯ್ಯೆನ್ನುವಿಕೆ ಬಿಟ್ಟರೆ ಇನ್ನೇನೂ ಬರುತ್ತಿರಲಿಲ್ಲ.

ಹನ್ನೆರಡನೆಯ ಸೆಕೆಂಡಿಗೆ ಅವನಿಗೆ ಗೊತ್ತಾಯಿತು.

ಧ್ವನಿಮುದ್ರಣ ಮಾಡುವವರಲ್ಲಿ ಒಂದು ರೂಢಿಯಿದೆ. ಯಾವ ಕೋಣೆಯಲ್ಲಿ ಮಾತು ಹಿಡಿದರೋ ಆ ಕೋಣೆ ಸುಮ್ಮನಿರುವುದನ್ನೂ ಹಿಡಿದಿಟ್ಟುಕೊಳ್ಳಬೇಕು. ಎಲ್ಲರೂ ಇದ್ದಲ್ಲೇ ಇದ್ದು, ಅಲುಗದೆ, ಎರಡು ಮೂರು ನಿಮಿಷ. ಮಾತನ್ನು ಕತ್ತರಿಸಿ ಜೋಡಿಸುವಾಗ ಅದನ್ನು ಅಡಿಗೆ ಹಾಸಿದರೆ ಕತ್ತರಿಸಿದ ಗುರುತು ಕಿವಿಗೆ ಬೀಳುವುದಿಲ್ಲ. ವಿದ್ಯಾರ್ಥಿಗಳು ಇದಕ್ಕೆ ಖಾಲಿ ಹಿಡಿಯುವುದು ಎನ್ನುತ್ತಿದ್ದರು. ನಿನ್ನೆ ಬೆಳಿಗ್ಗೆ, ಅಡಿಗೆ ಹಾಸಿದ ಖಾಲಿಯಲ್ಲಿ ಏನೋ ಗುಂಯ್‌ಗುಡುತ್ತಿದೆಯೆಂದು ಅನುಮಾನ ಬಂದು, ಅದೊಂದೇ ಕೇಳಲಿ ಎಂದು ಅವನು ಸೋಲೊ ಬಟನ್ ಒತ್ತಿದ್ದ. ಒತ್ತಿದರೆ ಮಿಕ್ಕದ್ದೆಲ್ಲ ಮೂಕವಾಗುತ್ತದೆ. ಕೇಳಿದ. ಏನೂ ಗುಂಯ್‌ಗುಡುತ್ತಿರಲಿಲ್ಲ. ಆ ಸಮಾಧಾನದಲ್ಲಿ ಬಟನ್ ಬಿಡಿಸುವುದನ್ನು ಮರೆತು ಹಾಗೇ ಫೈಲು ತೆಗೆದು ವಿಭಾಗಕ್ಕೆ ಕಳಿಸಿಬಿಟ್ಟಿದ್ದ. ಮೂರು ನಿಮಿಷಕ್ಕೆ ಮೂರು ನಿಮಿಷ ಸರಿಯಾಗಿತ್ತು. ಒಳಗೆ ಅಪ್ಪ ಇರಲಿಲ್ಲ.

ಅಪ್ಪ ಮೂರನೆಯ ಸಾಲಿನಲ್ಲಿದ್ದ.

ಬಸ್ ನಿಲ್ದಾಣದ ಪುಟ್ಟ ಗಾಜಿನ ಗೂಡಿನಲ್ಲಿ ಕೂತು ಇಪ್ಪತ್ತಾರು ವರ್ಷ ಬಸ್ಸುಗಳನ್ನು ಕೂಗಿದವನು ಅಪ್ಪ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಷ್ಟನೆಯ ಪ್ಲಾಟ್‌ಫಾರಂ. ಕಳೆದ ವರ್ಷ ಗಂಟಲಲ್ಲಿ ಗಡ್ಡೆಯೆಂದರು; ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಮನೆಯ ಚಿಕ್ಕ ಕೋಣೆಯ ಗೋಡೆಗಳಿಗೆ ಕಂಬಳಿ ಕಟ್ಟಿ ಅಪ್ಪನನ್ನು ಮೈಕಿನ ಮುಂದೆ ಕೂರಿಸಿದ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. "ಮೈಕಿಗೆ ಅಂಗಿ ಕಾಣಲ್ಲ ಅಪ್ಪ" ಎಂದರೆ, "ನನಗೆ ಕಾಣುತ್ತಲ್ಲೋ" ಎಂದಿದ್ದ. ಗೂಡಿನಲ್ಲಿ ಮಾಡುತ್ತಿದ್ದ ಹಾಗೆ ತೋರುಬೆರಳೊಂದನ್ನು ಮೇಲೆತ್ತಿದ. ಶುರು ಮಾಡು ಎಂದು ಅದರ ಅರ್ಥ. ಮುಂಜಾನೆಯ ಮೊದಲ ಬಸ್ಸಿನಿಂದ ಹಿಡಿದು ಕೊನೆಯ ಬಸ್ಸಿನವರೆಗೆ ಒಂದನ್ನೂ ಬಿಡದೆ ಹೇಳಿದ. ಮುಗಿಸಿ, "ಇಷ್ಟೇನಾ?" ಎಂದ. ಮೈಕು ಹಿಡಿದ ಅಪ್ಪನ ದನಿಯ ಕೊನೆಯ ಮಾತು ಅದೇ ಆಗಿ ಉಳಿಯಿತು. ಆಮೇಲೆ ಇಬ್ಬರೂ ಅಲುಗದೆ ಕೂತು ಆ ಕೋಣೆಯ ಖಾಲಿಯನ್ನೂ ಹಿಡಿದಿದ್ದರು.

ಅಷ್ಟು ಉದ್ದದ ದಿನವನ್ನು ಮೂರು ನಿಮಿಷಕ್ಕೆ ಇಳಿಸಲು ಅವನಿಗೆ ಏಳು ತಿಂಗಳು ಹಿಡಿಯಿತು. ಮನೆಯಲ್ಲಿ ಕೇಳಿಸಲು ಹೋದರೆ ಅಪ್ಪ ಕೈಯಾಡಿಸಿ ಬೇಡವೆಂದ. ಜೇಬಿನ ಪುಟ್ಟ ಪುಸ್ತಕ ತೆಗೆದು ಬರೆದ: 'ಅಲ್ಲೇ ಕೇಳ್ತೀನಿ. ಜನರ ಮಧ್ಯೆ.'

ಐವತ್ತು ಸೆಕೆಂಡು ದಾಟಿತ್ತು. ಯಾರೋ ಕೆಮ್ಮಿದರು. ಯಾರೋ ಕಿಸಕ್ಕೆಂದು ನಕ್ಕು ತಡೆದುಕೊಂಡರು. ಆಮೇಲೆ ಇನ್ನೂರು ಜನರ ಸಭಾಂಗಣ, ಎಲ್ಲ ಒಪ್ಪಂದ ಮಾಡಿಕೊಂಡ ಹಾಗೆ, ಸುಮ್ಮನಾಯಿತು. ಪರದೆಯ ಬೆಳಕು ಮುಂದಿನ ಸಾಲುಗಳ ಮುಖಗಳ ಮೇಲೆ ಬಿದ್ದಿತ್ತು. ಅವನು ಬದಿಯ ಸಾಲಿನಿಂದ ಅಪ್ಪನ ಕಡೆ ನೋಡಿದ.

ಅಪ್ಪನ ತುಟಿಗಳು ಅಲುಗುತ್ತಿದ್ದವು.

ಪ್ರಯಾಣಿಕರೇ ದಯವಿಟ್ಟು ಗಮನಿಸಿ. ಅವನಿಗೆ ಪ್ರತಿ ಅಕ್ಷರವೂ ಓದಲು ಬರುತ್ತಿತ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯುತ್ತಿತ್ತು. ಅಪ್ಪ ಒಮ್ಮೆ ಪಕ್ಕದವರ ಮುಖ ನೋಡಿದ, ಅವರಿಗೆ ಕೇಳುತ್ತಿದೆಯೇನೋ ಎಂಬಂತೆ. ಮತ್ತೆ ಮುಂದೆ ತಿರುಗಿ ಮುಂದಿನ ಬಸ್ಸು ಕೂಗಿದ.

ದೀಪ ಹತ್ತಿತು. ಮೊದಲು ಚಪ್ಪಾಳೆ ತಟ್ಟಿದವರು ಹಿರಿಯ ಧ್ವನಿ ವಿನ್ಯಾಸಕರು. ಕಣ್ಣು ಮುಚ್ಚಿ ಕತ್ತು ವಾಲಿಸಿ ಕೇಳುವ ಅವರಿಗೆ ವಿದ್ಯಾರ್ಥಿಗಳು ಕಿವಿ ಎಂದು ಹೆಸರಿಟ್ಟಿದ್ದರು. ಕೆಲಸ ಕೊಡುವವರನ್ನು ಕಾಲೇಜು ಕರೆಸುವ ಈ ಅವಕಾಶಗಳ ದಿನಕ್ಕೆ ವರ್ಷವರ್ಷವೂ ಬಂದು, ತಮ್ಮ ಸ್ಟುಡಿಯೋದಲ್ಲಿ ಒಂದು ವರ್ಷ ಜೊತೆಗಿಟ್ಟುಕೊಳ್ಳಲು ಒಬ್ಬರನ್ನು ಆರಿಸುತ್ತಿದ್ದರು. ಒಬ್ಬರನ್ನೇ. ಅದಕ್ಕಾಗಿ ಅವನು ಈ ಕೋರ್ಸಿಗೆ ಸೇರಿದ್ದ.

"ಯಾರಪ್ಪ ಹದಿನೇಳು?"

ಎದ್ದು ನಿಂತ. ತಪ್ಪು ಫೈಲು ಸರ್ ಎಂಬ ಮೂರು ಶಬ್ದ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಲ್ಯಾಪ್‌ಟಾಪ್ ಕಾಲಬುಡದ ಚೀಲದಲ್ಲಿತ್ತು. ಬಟನ್ ಬಿಡಿಸಿ ಒತ್ತಿದರೆ ಸಾಕು, ಅಪ್ಪ ಸಭಾಂಗಣದ ತುಂಬ.

"ಬೆಳಗ್ಗೆಯಿಂದ ಹದಿನಾರು ಕೇಳಿದೆ," ಎಂದರು ಕಿವಿ. "ಹದಿನಾರರಲ್ಲೂ ಪಿಟೀಲು. ಅಜ್ಜಿ ಸತ್ರೆ ಪಿಟೀಲು, ಹುಡುಗಿ ಬಿಟ್ಟು ಹೋದ್ರೆ ಪಿಟೀಲು. ನೀನೊಬ್ಬ ನನ್ನ ಪಾಡಿಗೆ ನನ್ನ ಬಿಟ್ಟೆ."

ಸಭೆ ನಕ್ಕಿತು.

"ನನ್ನ ಹೊಟ್ಟೆ ಗುರ್ ಅಂದಿದ್ದು ನನಗೇ ಕೇಳಿಸ್ತು," ಎಂದರು ಪಕ್ಕದಲ್ಲಿದ್ದ ರೇಡಿಯೋ ಕೇಂದ್ರದ ಮುಖ್ಯಸ್ಥೆ. "ಊಟ ತಡ ಮಾಡಿದವರಿಗೂ ಇದರಲ್ಲಿ ಪಾಲು ಕೊಡ್ಬೇಕು. ಕೊನೆಯ ಬಸ್ಸು ಅಂತ ಹೆಸರಿಟ್ಟಿದ್ದೀಯ. ಬಸ್ಸು ಹೋದ ಮೇಲೆ ಉಳಿಯೋದು ಇದೇ, ಅಲ್ವಾ?"

ಅವನು ತಲೆಯಾಡಿಸಿದ. ತಲೆಯಾಡಿಸುವುದು ಅಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ.

"ಯಾವ ಜಾಗ ಅದು?" ಕಿವಿ ಕೇಳಿದರು.

"ಮನೇಲಿ ಒಂದು ಕೋಣೆ ಸರ್."

"ಅಲ್ಲಿ ಒಬ್ಬ ಮನುಷ್ಯ ಇದ್ದಾನೆ. ಇದ್ದಾನೆ, ಮಾತಾಡ್ತಿಲ್ಲ. ಹೌದೋ ಇಲ್ಲವೋ?"

"ಹೌದು ಸರ್. ನಮ್ಮಪ್ಪ."

"ಮಾತಾಡಿಸೋಣ ಅನ್ನಿಸಲಿಲ್ವಾ?"

ಅವನು ಮೂರನೆಯ ಸಾಲಿನ ಕಡೆ ನೋಡಲಿಲ್ಲ.

"ಅನ್ನಿಸಿತ್ತು ಸರ್."

"ಮತ್ತೆ?"

"ತೆಗೆದೆ."

ಈ ಸಲದ ಚಪ್ಪಾಳೆ ಬೇಗ ನಿಲ್ಲಲಿಲ್ಲ. ಅಪ್ಪನೂ ಸುತ್ತ ನೋಡಿ, ಒಂದು ಕ್ಷಣ ತಡವಾಗಿ, ತಟ್ಟಿದ.

ಕೂತಾಗ ಪಕ್ಕದಿಂದ ಅವನ ಸಹಪಾಠಿ ಬಾಗಿದಳು. ಸಂಕಲನ ಮಾಡುವವಳು, ಕತ್ತರಿ ಎಂದೇ ಎಲ್ಲರೂ ಕರೆಯುವುದು.

"ಸೋಲೊ ಬಿಡಿಸಲಿಲ್ಲ ನೀನು."

"ಸುಮ್ನಿರು."

"ಏಳು ತಿಂಗಳು ಎಡಿಟಿಂಗ್ ರೂಮಲ್ಲಿ ನಿನ್ನ ಗೋಡೆಯಾಚೆ ಕೂತು ಕೇಳಿದ್ದೀನಿ ಕಣೋ. ನಿಮ್ಮಪ್ಪನ ಪ್ಲಾಟ್‌ಫಾರಂ ನಂಬರೆಲ್ಲ ನನಗೆ ಬಾಯಿಪಾಠ. ಹೋಗಿ ಹೇಳು."

"ಹೇಳ್ತೀನಿ."

"ಯಾವಾಗ?"

"ಆಮೇಲೆ."

"ನಿಮ್ಮಪ್ಪ ಬಂದಿರೋದು ಯಾತಕ್ಕೆ ಅಂತ ಗೊತ್ತು ತಾನೇ?"

ಅವನು ಕೊರಳಿನ ಅಂಕಿಯನ್ನು ಮಗುಚಿದ. ಹಿಂಬದಿಯಲ್ಲಿ ಏನೂ ಇರಲಿಲ್ಲ.

ಊಟದ ಹೊತ್ತಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡೂ ಗೋಡೆಗುಂಟ ಮೇಜುಗಳು: ಅನಿಮೇಷನ್ ಕಂಪನಿಯದು, ಪತ್ರಿಕೆಯದು, ಜಾಹೀರಾತಿನವರದು. ಮೇಜಿನ ಹಿಂದಿನವರು ನಗುತ್ತಿದ್ದರು, ಮುಂದಿನವರು ಇನ್ನೂ ಹೆಚ್ಚು ನಗುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೇ ಬಣ್ಣದ ಚೀಲ. ಆಚೆಯ ಮೇಜಿನಲ್ಲಿ ಯಾರೋ, "ಅನುಭವ ಬೇಕು ಅಂತೀರಿ, ಅನುಭವ ಎಲ್ಲಿ ಸಿಗುತ್ತೆ ಮೇಡಂ?" ಎನ್ನುತ್ತಿದ್ದ. "ಇಲ್ಲಿ ಸಿಗಲ್ಲ," ಎಂದು ಅವರು ನಗುತ್ತಲೇ ಹೇಳಿದರು.

ಅಪ್ಪ ಸೂಚನಾ ಫಲಕದ ಮುಂದೆ ನಿಂತಿದ್ದ. ಕಿರುಚಿತ್ರ ಸ್ಪರ್ಧೆ, ಕೊನೆಯ ದಿನಾಂಕ. ಛಾಯಾಗ್ರಹಣ ಕಾರ್ಯಾಗಾರ, ನಾಲ್ಕನೆಯ ಕೊಠಡಿ, ಹನ್ನೊಂದೂವರೆ. ಚಿತ್ರಕಥೆ ಶಿಬಿರ, ಹತ್ತು ಜನರಿಗೆ ಮಾತ್ರ. ಒಂದೊಂದನ್ನೂ ತುಟಿಯಲ್ಲಿ ಕೂಗಿ, ಸಮಯ ಮತ್ತು ಕೊಠಡಿಯನ್ನು ಪುಟ್ಟ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ. ಕೊರಳಿಗೆ ಅಮ್ಮ ಕಟ್ಟಿ ಕಳಿಸಿದ ಕರವಸ್ತ್ರ. ಅದರ ಕೆಳಗೆ, ಮೂಗು ಬಾಯಿಗಳ ಬದಲು ಈಗ ಉಸಿರಾಡಲು ಉಳಿದ ಒಂದೇ ದಾರಿಯಾದ ತೂತಿನಿಂದ, ಒಂದೊಂದು ಉಸಿರಿಗೂ ಸಣ್ಣ ಸೀಟಿ ಬರುತ್ತಿತ್ತು. ಮನೆಯಲ್ಲಿ ಅದು ಯಾರಿಗೂ ಕೇಳಿಸುತ್ತಲೇ ಇರಲಿಲ್ಲ.

ಅವನನ್ನು ಕಂಡು ಅಪ್ಪ ಹಾಳೆ ಮಗುಚಿ ಬರೆದ: 'ನಂದು ಯಾವಾಗ?'

ಅವನು ಆ ಎರಡು ಶಬ್ದಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಓದಿದ.

"ಆಮೇಲೆ ಅಪ್ಪ. ಇನ್ನೂ ಇದೆ."

ಅಪ್ಪ ಒಪ್ಪಿದ. ಕೈ ತಿರುಗಿಸಿ ಎಷ್ಟು ಹೊತ್ತಿಗೆ ಎಂದು ಕೇಳಿದ. ಅಪ್ಪನಿಗೆ ಯಾವುದಕ್ಕೂ ಒಂದು ವೇಳೆ ಬೇಕು.

"ನಾಲ್ಕಕ್ಕೆ," ಎಂದ ಅವನು. ಅಪ್ಪ ಬರೆದುಕೊಂಡ.

"ಎಲ್ಲಿ ಮಾಯವಾಗಿದ್ದೆ ನೀನು?" ವಿಭಾಗದ ಸಂಯೋಜಕಿ ಮೇಡಂ ಜನರನ್ನು ತಳ್ಳಿಕೊಂಡು ಬಂದರು. "ನಿನ್ನನ್ನೇ ಆರಿಸಿದ್ದಾರೆ. ಯಾರಿಗೂ ಹೇಳ್ಬೇಡ, ನಾಲ್ಕಕ್ಕೆ ಹೇಳ್ತಾರೆ. ಇವರು?"

"ನಮ್ಮಪ್ಪ."

"ಅಯ್ಯೋ, ಬನ್ನಿ ಸರ್! ಮಗನ ಬಗ್ಗೆ ವೇದಿಕೆ ಮೇಲೆ ಎರಡು ಮಾತು ಹೇಳ್ಬೇಕು ನೀವು."

ಅಪ್ಪ ನಗುತ್ತಾ ಕೊರಳು ಮುಟ್ಟಿ ತೋರಿಸಿದ.

"ಓ. ಪರವಾಗಿಲ್ಲ, ಪರವಾಗಿಲ್ಲ," ಎಂದರು ಮೇಡಂ, ಅಪ್ಪ ಕ್ಷಮೆ ಕೇಳಿದನೇನೋ ಎಂಬಂತೆ. ಅಪ್ಪ ಅವರಿಗೆ ಪುಸ್ತಕದಲ್ಲಿ ಬರೆದುಕೊಂಡ ನಾಲ್ಕು ಗಂಟೆಯನ್ನು ಬೆರಳಿಟ್ಟು ತೋರಿಸಿದ. "ಹೌದು ಸರ್, ನಾಲ್ಕಕ್ಕೇ," ಎಂದು ಅವರೂ ಖಾತ್ರಿ ಕೊಟ್ಟರು.

ನಾಲ್ಕಕ್ಕೆ ಹೇಳಿದರು. ಅವನು ಮೆಟ್ಟಿಲು ಹತ್ತಿದ. ಕೈ ಕುಲುಕಿದರು. ಈಗ ಹೇಳಬಹುದಿತ್ತು, ಮೈಕು ಒಂದು ಗೇಣಿನ ಆಚೆಗಿತ್ತು. ಈಗ ಹೇಳಿದರೆ ಎರಡು ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆ ಎಂದುಕೊಂಡ. ಬೆಳಿಗ್ಗೆಯಾದರೆ ಒಂದೇ ಇತ್ತು.

ಕಿವಿ ತಮ್ಮ ಚೀಲದಿಂದ ಹಳೆಯದೊಂದು ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟರು. ಗಾಜಿನ ಹಿಂದೆ ಸದ್ದು ಅಳೆಯುವ ಮುಳ್ಳಾಡುವ, ತೆಂಗಿನಕಾಯಿಗಿಂತ ಭಾರದ ಯಂತ್ರ.

"ನನ್ನ ಹತ್ರ ಸೇರೋರಿಗೆ ಮೊದಲನೇ ದಿನ ಕೆಲಸ ಒಂದೇ," ಎಂದರು ಸಭೆಗೆ. "ನಿಂತ ಜಾಗದ ಖಾಲಿ ಹಿಡಿಯೋದು. ಎರಡು ನಿಮಿಷ. ಎಲ್ಲಾ ಎದ್ದು ನಿಂತ್ಕೊಳ್ಳಿ; ಕುರ್ಚಿಗಳು ಕಿರುಗುಟ್ಟುತ್ತವೆ. ಫ್ಯಾನ್ ಆರಿಸಿ."

ಇನ್ನೂರು ಜನ ಎದ್ದು ನಿಂತರು. ಫ್ಯಾನುಗಳು ಒಂದೊಂದಾಗಿ ನಿಂತವು. ಕೈ ಕಟ್ಟಿಕೊಂಡು, ತಲೆ ತುಸು ಬಾಗಿಸಿ, ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಹಾಗೆ ಎಲ್ಲರೂ ನಿಂತಿದ್ದರು. ಅವನು ಹೆಡ್‌ಫೋನ್ ಹಾಕಿಕೊಂಡ. ಇನ್ನೊಂದನ್ನು ಕಿವಿ ಹಾಕಿಕೊಂಡು ಕಣ್ಣು ಮುಚ್ಚಿದರು.

ಬಂತು. ತೆಳ್ಳಗೆ, ನಿಯಮಿತವಾಗಿ. ಮುಳ್ಳು ಒಂದು ಕೂದಲೆಳೆಯಷ್ಟು ಎದ್ದು ಕೂತಿತು. ಮತ್ತೆ ಎದ್ದಿತು.

"ಏನದು ಸೀಟಿ?" ಕಿವಿ ಕಣ್ಣು ತೆರೆದರು. "ಕಿಟಕಿ ನೋಡಿ."

ಕಿಟಕಿಗಳನ್ನು ಮುಚ್ಚಿದರು. ಮತ್ತೆ ಶುರು. ಮತ್ತೆ ಬಂತು.

"ಮುಂದಿನ ಸಾಲುಗಳಿಂದ ಬರ್ತಿದೆ. ಯಾರಿಗಾದ್ರೂ ನೆಗಡಿ ಇದ್ರೆ ಎರಡು ನಿಮಿಷ ಹೊರಗೆ ನಿಂತ್ಕೊಳ್ಳಿ. ತಪ್ಪು ತಿಳ್ಕೋಬೇಡಿ."

ಯಾರೂ ಅಲುಗಲಿಲ್ಲ. ಕತ್ತರಿ ಅವನನ್ನೇ ನೋಡುತ್ತಿದ್ದಳು. ಅವನು ಮುಳ್ಳು ನೋಡುತ್ತಿದ್ದ.

"ನಿನಗೆ ಗೊತ್ತಾಯ್ತಾ, ಏನು ಸದ್ದು ಅಂತ?"

"ಇಲ್ಲ ಸರ್."

ಮೂರನೆಯ ಸಾಲಿನಲ್ಲಿ ಅಪ್ಪ ಪುಸ್ತಕ ಮಡಚಿ ಜೇಬಿಗಿಟ್ಟ. ಮೈಕು ತೆರೆದಿರುವಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಇಪ್ಪತ್ತಾರು ವರ್ಷ ತಿಳಿದಿದ್ದವನು. ಅವಸರವಿಲ್ಲದೆ ಕರವಸ್ತ್ರವನ್ನು ಬಿಚ್ಚಿ ನಾಲ್ಕು ಮಡಿಕೆ ಮಾಡಿದ. ಅದನ್ನು ಕೊರಳಿನ ತೂತಿನ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿಹಿಡಿದ. ಇನ್ನೊಂದು ಕೈಯ ತೋರುಬೆರಳನ್ನು ಮೇಲೆತ್ತಿದ.

ಅವನು ಗುಂಡಿ ಒತ್ತಿದ.

ಮುಳ್ಳು ಸೊನ್ನೆಯ ಮೇಲೆ ಮಲಗಿತು. ಎಂಟನೆಯ ಸೆಕೆಂಡು ಬಂತು, ಹೋಯಿತು. ಕಿವಿಯ ಮುಖದಲ್ಲಿ ಸಣ್ಣದೊಂದು ತೃಪ್ತಿ ಹರಡಿತು. "ಈಗ ಸ್ವಚ್ಛ" ಎಂದು ಸದ್ದಿಲ್ಲದೆ ತುಟಿಯಾಡಿಸಿದರು.

ಮೂವತ್ತು. ಅಪ್ಪನ ಕೊರಳ ನರಗಳು ಎದ್ದು ಕಾಣತೊಡಗಿದವು. ನಲವತ್ತು. ನಿಲ್ಲಿಸುವ ಗುಂಡಿ ಅವನ ಹೆಬ್ಬೆರಳ ಕೆಳಗೇ ಇತ್ತು, ತಣ್ಣಗೆ. ಐವತ್ತೊಂದು. ಐವತ್ತೆರಡು. ತಲೆ ಬಾಗಿಸಿದ ಇನ್ನೂರು ಜನರ ನಡುವೆ ಅಪ್ಪನ ಬೆರಳೊಂದೇ ಇನ್ನೂ ಮೇಲಿತ್ತು.