ಅಜ್ಜನ ಅಗಲ ಕುರ್ಚಿ

ಸಾನ್ ಹೊಸೆ ನಗರದ ನಮ್ಮ ಲ್ಯಾಬಿನಲ್ಲಿ ಹಾವಿನ ವಿಷದ ಪ್ರೋಟೀನುಗಳನ್ನು ಗಾತ್ರ ನೋಡಿ ಬೇರೆ ಮಾಡುತ್ತೇವೆ. ಉದ್ದನೆಯ ಗಾಜಿನ ಕೊಳವೆಯ ತುಂಬ ತೂತುತೂತಿನ ಜೆಲ್ ಮಣಿಗಳು. ಮೇಲಿಂದ ವಿಷ ಹಾಕಿ, ಹಿಂದೆಯೇ ಉಪ್ಪುನೀರು ಬಿಟ್ಟರೆ, ದೊಡ್ಡ ಪ್ರೋಟೀನು ಯಾವ ತೂತಿಗೂ ಹಿಡಿಸದೆ ನೆಟ್ಟಗೆ ಕೆಳಗಿನ ಟೆಸ್ಟ್ ಟ್ಯೂಬಿಗೆ ಇಳಿಯುತ್ತದೆ. ಚಿಕ್ಕದು ಕಂಡಕಂಡ ತೂತಿಗೆ ನುಗ್ಗಿ, ಸುತ್ತಾಡಿಕೊಂಡು ಕೊನೆಗೆ ಬರುತ್ತದೆ.

ನಾನೂ ಹಾಗೇ. ದಾರಿಯಲ್ಲಿ ದೋನ್ಯಾ ಮಿರೆಯಾಳ ತಿಂಡಿ ಅಂಗಡಿಗೆ ನುಗ್ಗದೆ ಬಂದವಳಲ್ಲ.

"ಯೊರ್ಲೆನಿ, ಮತ್ತೆ ಲೇಟು!" ನಮ್ಮ ಮುಖ್ಯಸ್ಥ ಡಾಕ್ಟರ್ ಎವೆಲಿಯೊ ಗುಡುಗಿದರು. ಆನೆಯಂಥ ಆಳು.

"ಚಿಕ್ಕೋಳಲ್ವಾ ಡಾಕ್ಟ್ರೇ, ತೂತಿಗೆಲ್ಲ ಹೊಕ್ಕು ಬರ್ಬೇಕು. ನಿಮಗೇನು, ಸೀದಾ ಬರ್ತೀರ."

ಅವರು ನಗಲಿಲ್ಲ. "ಹಾಗೋ? ಇನ್ಮೇಲೆ ಕೊನೆಗೆ ಬಂದೋರೇ ಟ್ಯೂಬೆಲ್ಲಾ ತೊಳೀಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಅಂಗಡಿ ದಾಟಿ ಬರುವುದು ಶಿಸ್ತಿನಿಂದಲೇ? ಅಲ್ಲಿನ ಪುಟಾಣಿ ಸ್ಟೂಲಿನ ಮೇಲೆ ಹಿಡಿಸುವುದಿಲ್ಲ, ಅಷ್ಟೆ!

ಅವತ್ತು ಸಂಜೆಯೇ ನಮ್ಮಜ್ಜನ ಅಗಲ ಕುರ್ಚಿಯನ್ನು ಹೊತ್ತೊಯ್ದು ಮಿರೆಯಾಳ ಅಂಗಡಿಯ ಬಾಗಿಲಲ್ಲೇ ಹಾಕಿಸಿದೆ.

ಮರುದಿನ ಅಂಗಡಿಯತ್ತ ತಿರುಗಿಯೂ ನೋಡದೆ ನಾನು ಎಲ್ಲರಿಗಿಂತ ಮೊದಲು ಬಂದೆ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕಟ್ಟಕಡೆಗೆ ಡಾಕ್ಟರು ಬಂದರು, ಮೀಸೆ ತುಂಬ ಮಿರೆಯಾಳ ತಿಂಡಿಯ ಹುಳಿಕೆನೆ.

"ಏನ್ ಡಾಕ್ಟ್ರೇ, ಲೇಟು?"

ಅವರು ಮೀಸೆ ಒರೆಸಿಕೊಂಡರು. "ಅಲ್ಲೊಂದು ಕುರ್ಚಿ ಇತ್ತು ಕಣೇ."

"ನೋಡಿ, ತೂತು ದೊಡ್ಡದಾದ್ರೆ ನೀವೂ ಚಿಕ್ಕೋರೇ," ಎಂದು ಟ್ಯೂಬು ತೊಳೆಯುವ ಬ್ರಷ್ಷನ್ನು ಅವರ ಕೈಗಿಟ್ಟೆ.