ಎರಡನೆಯ ಪೇಟ

"ಎಡಕ್ಕೆ ವಾಲ್ತಾವ್ನೆ, ಇನ್ನೊಂದು ದಿಂಬು ಕೊಡಿ," ಎಂದ ಬಸವರಾಜು. ಅವನು ತಮ್ಮನ ಎರಡೂ ಭುಜಗಳನ್ನು ಹಿಂದಿನಿಂದ ಹಿಡಿದು ನಿಂತಿದ್ದ. ಐನೋರು ದಿಂಬನ್ನು ಪಕ್ಕೆಗೆ ಒತ್ತಿ, ಬಿಳಿ ಬಟ್ಟೆಯ ಪಟ್ಟಿಯನ್ನು ಎದೆಯ ಮೇಲಿಂದ ತಂದು ಕುರ್ಚಿಯ ಹಿಂದೆ ಗಂಟು ಹಾಕಿದರು. ಗದ್ದಕ್ಕೂ ಒಂದು ಪಟ್ಟಿ ಕಟ್ಟಿದರು. ಗುರುಮಲ್ಲಪ್ಪ ನೆಟ್ಟಗೆ ಕುಳಿತ.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹೂ ಹಾಕಿ, ಕೂರಿಸುತ್ತಾರೆ. ಕೂತ ಹಾಗೆಯೇ ಬಿದಿರಿನ ವಿಮಾನದಲ್ಲಿ ಹೊತ್ತು ಒಯ್ಯುತ್ತಾರೆ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಕೃಷ್ಣಮೂರ್ತಿಪುರದ ಆ ಬಾಡಿಗೆ ಮನೆಯ ನಡುಮನೆ ಚಿಕ್ಕದು. ಬಾಗಿಲಲ್ಲಿ ನಿಂತು ನೋಡಿದವರಿಗೆ ಮನೆಯ ಯಜಮಾನ ಬಂದವರನ್ನು ಮಾತಾಡಿಸಲು ಕೂತಿದ್ದಾನೆ ಅನ್ನಿಸುತ್ತಿತ್ತು.

ದಾಕ್ಷಾಯಿಣಿ ಕುರ್ಚಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದಳು. ಗಂಡನ ಕಾಲಿನ ಹೆಬ್ಬೆರಳುಗಳನ್ನು ದಾರದಿಂದ ಕಟ್ಟಿದ್ದರು. ಅವಳು ಆ ದಾರವನ್ನೇ ನೋಡುತ್ತಿದ್ದಳು. ಅಳು ಬಂದಿರಲಿಲ್ಲ. ಊರಿನಿಂದ ಬಂದ ಹೆಂಗಸರು ಅದನ್ನು ಗಮನಿಸಿ, ಬಿ.ಎ. ಓದಿದೋಳು, ಅಳೋದನ್ನೂ ನುಂಗ್ಕಂಡವ್ಳೆ ಎಂದು ತಮ್ಮತಮ್ಮಲ್ಲೇ ಆಡಿಕೊಂಡಿದ್ದರು. ನುಂಗಲು ಅವಳಲ್ಲಿ ಏನೂ ಇರಲಿಲ್ಲ. ನಿನ್ನೆ ಸಂಜೆ ಆಸ್ಪತ್ರೆಯ ದಾದಿ ಮುಖಕ್ಕೆ ಹೊದಿಕೆ ಎಳೆದಾಗಿನಿಂದ ಅವಳ ಮೈ ಬೇರೆ ಯಾರದೋ ಆಗಿತ್ತು.

ಕಾಮಾಲೆ ಬಂದು ಅವನು ಆಸ್ಪತ್ರೆ ಸೇರಿದ ಮೇಲೆ ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾನಿಲಯದಿಂದ ಒಂದು ನರಪಿಳ್ಳೆಯೂ ಬಂದು ನೋಡಿರಲಿಲ್ಲ. ಬಂದವರೆಲ್ಲ ಅವನು ಓಟ ಕಲಿಸಿದ ಹುಡುಗರು. ಈಗ ಹುಡುಗರೇನಲ್ಲ, ಒಬ್ಬ ಪೊಲೀಸಿನಲ್ಲಿದ್ದ, ಒಬ್ಬ ಬ್ಯಾಂಕಿನಲ್ಲಿ, ಒಬ್ಬ ಹೈಸ್ಕೂಲು ಮೇಷ್ಟ್ರು. ಅವರೇ ಈಗ ಅಂಗಳದಲ್ಲಿ ಕೂತು ವಿಮಾನಕ್ಕೆ ಬಿದಿರು ಬಿಗಿಯುತ್ತಿದ್ದರು. ಗಂಟು ಮತ್ತೆ ಮತ್ತೆ ಜಾರುತ್ತಿತ್ತು.

"ಮೇಷ್ಟ್ರು ಇದ್ದಿದ್ರೆ ಇಷ್ಟೊತ್ತಿಗೆ ಸ್ಟಾಪ್‌ವಾಚ್ ತೆಗೀತಿದ್ರು ಕಣೋ," ಎಂದ ಪೊಲೀಸಿನ ಚಿಕ್ಕಣ್ಣ. ಯಾರೋ ನಕ್ಕರು. ನಕ್ಕವನೇ ಮುಖಕ್ಕೆ ಟವಲು ಮುಚ್ಚಿಕೊಂಡ.

ಹನ್ನೊಂದರ ಸುಮಾರಿಗೆ ಓಣಿಯೊಳಗೆ ಕಪ್ಪು ಕಾರೊಂದು ಬಂದು ನಿಂತಿತು. ಇಳಿದವರು ವಿಶ್ವವಿದ್ಯಾನಿಲಯದ ಕ್ರೀಡಾ ವಿಭಾಗದ ಡೈರೆಕ್ಟರ್ ಸುಂದರೇಶರು. ಅವರ ಹಿಂದೆ ಜರಿಯ ಮೈಸೂರು ಪೇಟ, ಶಾಲು, ಗಂಧದ ಹಾರ ಇಟ್ಟ ತಟ್ಟೆ ಹಿಡಿದ ಗುಮಾಸ್ತ. ಅವನ ಹಿಂದೆ ಕ್ಯಾಮೆರಾ ಹೆಗಲಿಗೇರಿಸಿದ ಫೋಟೋದವನು. ಹೊಸ್ತಿಲಲ್ಲಿ ಸುಂದರೇಶರು ಒಂದು ಕ್ಷಣ ಬೆಚ್ಚಿ ನಿಂತರು. ಮಲಗಿರುವ ಹೆಣವನ್ನು ನೋಡುವ ಸಿದ್ಧತೆಯಲ್ಲಿ ಬಂದವರಿಗೆ ಕೂತಿದ್ದ ಗುರುಮಲ್ಲಪ್ಪ ಎದುರಾಗಿದ್ದ. ಆಮೇಲೆ ಅವರ ಮುಖ ನಿಧಾನವಾಗಿ ಸಡಿಲವಾಯಿತು. ಕೂತಿದ್ದು ಒಳ್ಳೆಯದೇ ಆಯಿತು ಎಂದುಕೊಂಡವರ ಹಾಗೆ ಕುರ್ಚಿಯನ್ನೂ ಕಿಟಕಿಯ ಬೆಳಕನ್ನೂ ಅಳೆದು ನೋಡಿದರು.

ಬಸವರಾಜುವನ್ನು ಪಕ್ಕಕ್ಕೆ ಕರೆದು ಅವರು ಹೇಳಿದ್ದು ಎಲ್ಲರಿಗೂ ಕೇಳಿಸಿತು. ಇವತ್ತು ಸಂಜೆಯೇ ಹಳೆಯ ಆಟಗಾರರ, ತರಬೇತುದಾರರ ಸನ್ಮಾನ. ಈ ವರ್ಷ ಗುರುಮಲ್ಲಪ್ಪನವರದೇ ಮೊದಲ ಹೆಸರು. ವಿಧಿ ಹೀಗೆ ಮಾಡಿತು. ಅದಕ್ಕೇ ಎತ್ತುವ ಮೊದಲು ಇಲ್ಲೇ ಪೇಟ ತೊಡಿಸಿ ಒಂದು ಫೋಟೋ ತೆಗೆದುಕೊಳ್ಳುತ್ತೇವೆ, ಅದನ್ನು ದೊಡ್ಡದು ಮಾಡಿಸಿ ಸಂಜೆ ವೇದಿಕೆಯ ಮೇಲೆ ಇಡುತ್ತೇವೆ. ಬೇಸಾಯದ ಬಸವರಾಜು ಕಾರಿನಲ್ಲಿ ಬಂದವರ ಎದುರು ಕೈಮುಗಿದು ನಿಂತುಬಿಟ್ಟ.

ಚಿಕ್ಕಣ್ಣ ಒಳಗೆ ಬಂದು ದಾಕ್ಷಾಯಿಣಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಅಕ್ಕ, ಇದು ಮೇಷ್ಟ್ರಿಗಲ್ಲ. ದೇವಯ್ಯನಿಗೆ," ಎಂದ ಮೆಲ್ಲಗೆ.

ದೇವಯ್ಯನೂ ಗುರುಮಲ್ಲಪ್ಪನ ಹುಡುಗನೇ. ಈಗ ರೈಲ್ವೆಯ ಪರವಾಗಿ ಓಡಿ ದೇಶಕ್ಕೆಲ್ಲ ಹೆಸರಾದವನು, ಇವತ್ತಿನ ಸಭೆಗೆ ಅವನೇ ಕಳಸ. ಮೇಷ್ಟ್ರಿಗೆ ಪೇಟ ತೊಡಿಸದೆ ನಾನು ತೊಡುವುದಿಲ್ಲ ಎಂದು ಹಟ ಹಿಡಿದಿದ್ದನಂತೆ. ಒಂದು ಗಂಟೆಯ ರೈಲಿಗೆ ಬರುತ್ತಾನೆ, ಮೇಷ್ಟ್ರು ಹೋದದ್ದು ಅವನಿಗೆ ಗೊತ್ತಿಲ್ಲ. ಅವನು ಇಳಿಯುವುದರೊಳಗೆ ಪೇಟ ತೊಡಿಸಿದ್ದಾಗಿದೆ ಎಂದು ತೋರಿಸಲು ಇವರಿಗೊಂದು ಫೋಟೋ ಬೇಕು.

ದಾಕ್ಷಾಯಿಣಿ ಮೊದಲ ಸಲ ದಾರದಿಂದ ಕಣ್ಣು ತೆಗೆದು ತಟ್ಟೆಯ ಕಡೆ ನೋಡಿದಳು.

*

ಹೋದ ವರ್ಷ, ಅರವತ್ತನೆಯ ಇಸವಿಯಲ್ಲಿ, ಸನ್ಮಾನದ ಪರಿಪಾಠ ಶುರುವಾದಾಗ ಸುಂದರೇಶರು ಗುರುಮಲ್ಲಪ್ಪನನ್ನು ಕರೆಸಿ, ಸಂಜೆ ಕೋಟು ಹಾಕಿಕೊಂಡು ಬಾ, ನೀನು ವೇದಿಕೆ ಮೇಲಿರಬೇಕು ಎಂದಿದ್ದರು. ಅವನು ಹೆಚ್ಚು ಕೇಳಲಿಲ್ಲ. ಕೇಳಿದರೆ ಆಸೆಪಟ್ಟ ಹಾಗೆ ಕಾಣುತ್ತದೆ ಎಂದುಕೊಂಡ.

ಆಸೆಪಡಲು ಅವನಿಗೆ ಹಕ್ಕಿತ್ತು. ನಲವತ್ತೆಂಟನೆಯ ಇಸವಿಯಲ್ಲಿ ಬರಿಗಾಲಲ್ಲಿ ಒಂದು ಮೈಲಿ ಓಡಿ ಈ ವಿಶ್ವವಿದ್ಯಾನಿಲಯಕ್ಕೆ ಪದಕ ಗೆದ್ದು ತಂದವನು ಅವನು. ಆ ದಾಖಲೆಯನ್ನು ಇಲ್ಲಿ ಮುರಿದವನು ದೇವಯ್ಯ, ಅದೂ ಇವನ ಕೈಯಲ್ಲೇ ಪಳಗಿದ ಮೇಲೆ. ಕಲಿಸುವ ಕೆಲಸ ಮಾತ್ರ ಕೊನೆಯವರೆಗೂ ಹಂಗಾಮಿ. ಪ್ರತಿ ಏಪ್ರಿಲ್‌ನಲ್ಲಿ ಅವನನ್ನು ತೆಗೆದುಹಾಕಿ ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ತೆಗೆದುಹಾಕಿದ ಆ ತಿಂಗಳುಗಳಲ್ಲೂ ಅವನು ಬೆಳಕು ಹರಿಯುವ ಮೊದಲೇ ಮೈದಾನದಲ್ಲಿರುತ್ತಿದ್ದ. ಯಾಕೆ ಹೋಗುತ್ತೀರಿ ಎಂದು ದಾಕ್ಷಾಯಿಣಿ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಹುಡುಗರ ಕಾಲಿಗೆ ಏಪ್ರಿಲ್ ಗೊತ್ತಾಗಲ್ಲವಲ್ಲ ಎಂದಿದ್ದ.

ಅವಳು ಮದುವೆಯ ಕೋಟನ್ನು ಇಸ್ತ್ರಿ ಮಾಡಿಕೊಟ್ಟಳು. ತಾನೂ ಹೋಗಿ ಹೆಂಗಸರ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ಅವನ ಕೈಗೆ ಒಂದು ಹಿತ್ತಾಳೆ ತಟ್ಟೆ ಕೊಟ್ಟರು. ಅದರ ತುಂಬ ಪೇಟಗಳು, ಶಾಲುಗಳು. ಹೆಸರು ಕೂಗಿದವರೊಬ್ಬೊಬ್ಬರೇ ಬಂದು ತಲೆ ಬಾಗಿಸುತ್ತಿದ್ದರು. ಗಣ್ಯರು ಅವನ ತಟ್ಟೆಯಿಂದ ಒಂದು ಪೇಟ ಎತ್ತಿ ತೊಡಿಸುತ್ತಿದ್ದರು. ಪ್ರತಿ ಸಲವೂ ಅವನು ತಟ್ಟೆಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದ. ತಟ್ಟೆ ವಾಲದ ಹಾಗೆ ನೋಡಿಕೊಳ್ಳುತ್ತಿದ್ದಾನೆ ಎಂದೇ ಅವಳು ಮೊದಲು ತಿಳಿದಳು. ಕೊನೆಯ ಪೇಟ ಟೆನ್ನಿಸ್ ಆಡಿದ್ದ ವಕೀಲರೊಬ್ಬರ ತಲೆಗೆ ಹೋದಾಗ ಅವಳಿಗೆ ಅರ್ಥವಾಯಿತು. ರಾಷ್ಟ್ರಗೀತೆ ಮುಗಿಯುವವರೆಗೂ ಅವನು ಬರಿದಾದ ತಟ್ಟೆ ಹಿಡಿದು ಅಟೆನ್ಷನ್‌ನಲ್ಲಿ ನಿಂತಿದ್ದ. ಖಾಯಂ ಅಲ್ಲದವರನ್ನು ಸನ್ಮಾನಕ್ಕೆ ಸೇರಿಸುವ ಹಾಗಿಲ್ಲ ಎಂದು ಆಮೇಲೆ ಸುಂದರೇಶರೇ ಹೇಳಿದರಂತೆ, ತಪ್ಪು ತಿಳ್ಕೋಬೇಡ ಎಂದು ಬೆನ್ನು ತಟ್ಟಿ.

ಮಾರನೆಯ ದಿನ ಅವರು ಊರಿಗೆ ಹೋದರು. ಸಭೆಯಲ್ಲಿ ಹಂಚಿ ಉಳಿದಿದ್ದ ಕಿತ್ತಳೆಯನ್ನು ಗುಮಾಸ್ತನೊಬ್ಬ ಅವನ ಕರವಸ್ತ್ರಕ್ಕೆ ಹಾಕಿದ್ದ. ತಾಯಿ ಶಿವನಂಜಮ್ಮನ ಮಡಿಲಿಗೆ ಅದನ್ನು ಸುರಿದ. ಏನ್ ಮಾಡುದ್ರೋ ಸಭೇಲಿ ಎಂದು ಅವಳು ಕೇಳಿದಳು.

"ಪೇಟ ಹಾಕುದ್ರವ್ವ."

"ನಿಂಗಾ? ಎಲ್ಲೋ ಪೇಟ?"

"ವಾಪಸ್ ಈಸ್ಕೊಂಡ್ರು. ಒಂದೇ ಪೇಟ, ಎಲ್ರಿಗೂ ಅದೇ."

ದಾಕ್ಷಾಯಿಣಿ ಒಲೆಯ ಮುಂದೆ ಕೂತಿದ್ದಳು. ಅವನು ಅವಳ ಕಡೆ ನೋಡಲಿಲ್ಲ. ಶಿವನಂಜಮ್ಮ ಒಂದೊಂದು ಮನೆಗೂ ಒಂದೊಂದು ತೊಳೆ ಕಿತ್ತಳೆ ಕೊಟ್ಟು, ಮೈಸೂರಲ್ಲಿ ನನ್ನ ಮಗನಿಗೆ ಪೇಟ ಕಟ್ಟಿದರು ಎಂದು ಬೀದಿಗೆಲ್ಲ ಹೇಳಿ ಬಂದಳು.

*

ಸುಂದರೇಶರು ಪೇಟವನ್ನು ಎರಡೂ ಕೈಯಲ್ಲಿ ಎತ್ತಿ ಗುರುಮಲ್ಲಪ್ಪನ ತಲೆಯ ಮೇಲಿಟ್ಟರು. ಅದು ಕೊಂಚ ದೊಡ್ಡದು, ಜಾರಿ ಬಂದು ಹಣೆಯ ವಿಭೂತಿಯನ್ನು ಮುಚ್ಚಿತು. ಶಾಲು ಹೊದಿಸಿದರು. ಗೋಡೆಗೊರಗಿದ್ದ ಶಿವನಂಜಮ್ಮ ತೆವಳುತ್ತ ಬಂದು ಮಗನ ಮೊಣಕಾಲು ಹಿಡಿದುಕೊಂಡಳು.

"ಈ ಸಲ ವಾಪಸ್ ಈಸ್ಕೊಬ್ಯಾಡಿ ಕಣಪ್ಪ," ಎಂದಳು.

ಸುಂದರೇಶರಿಗೆ ಅರ್ಥವಾಗಲಿಲ್ಲ. ಮುದುಕಿ ದುಃಖದಲ್ಲಿ ಏನೋ ಬಡಬಡಿಸುತ್ತಾಳೆ ಎಂದುಕೊಂಡು, ಇಲ್ಲ ತಾಯಿ, ಇದು ನಿಮ್ಮದೇ ಎಂದರು. ಆಮೇಲೆ ಗಂಧದ ಹಾರ ಹಿಡಿದು ಕುರ್ಚಿಯ ಪಕ್ಕಕ್ಕೆ ಸರಿದು, ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿದರು. ಫೋಟೋದವನು ಒಂದು ಕಣ್ಣು ಮುಚ್ಚಿ ಬಗ್ಗಿದ. ದಿನಕ್ಕೊಂದು ಸಭೆ ಕಂಡ ಬಾಯಿ ಅದು, ತಾನಾಗಿಯೇ ನುಡಿಯಿತು.

"ಸಾರ್, ಸ್ವಲ್ಪ ಮುಖ ಎತ್ತಿ. ಹಾಂ, ಈ ಕಡೆ ನೋಡಿ ಸಾರ್."

ನಡುಮನೆಯಲ್ಲಿ ಅಳುತ್ತಿದ್ದವರ ಉಸಿರೂ ನಿಂತಿತು. ತಾನು ಯಾರಿಗೆ ಹೇಳಿದೆ ಎಂಬುದು ಅವನಿಗೇ ಹೊಳೆದು ಕ್ಯಾಮೆರಾ ಕೆಳಗಿಳಿಸಿ ನಾಲಗೆ ಕಚ್ಚಿಕೊಂಡ. ಆದರೆ ಸುಂದರೇಶರು ಮುಖ ತಿರುಗಿಸಲಿಲ್ಲ. ತೆಗಿ, ತೆಗಿ, ಹೊತ್ತಾಯಿತು ಎಂದರು.

ದಾಕ್ಷಾಯಿಣಿ ಎದ್ದಳು. ಹೆಣ ಎತ್ತುವವರೆಗೆ ಹೆಂಡತಿಯಾದವಳು ಆ ಜಾಗದಿಂದ ಏಳಬಾರದು ಎಂಬುದು ಪದ್ಧತಿ. ಹೆಂಗಸರೊಬ್ಬರು ಸೆರಗು ಹಿಡಿದೆಳೆದರು. ಬಿಡಿಸಿಕೊಂಡಳು. ಗಂಡನ ತಲೆಯಿಂದ ಪೇಟವನ್ನು ತೆಗೆದಳು. ಹಣೆಯ ವಿಭೂತಿ ಕದಡಿಹೋಗಿತ್ತು. ಐನೋರ ಬಟ್ಟಲಿನಿಂದ ಮೂರು ಬೆರಳಿಗೆ ಬೂದಿ ಹಚ್ಚಿಕೊಂಡು ಮತ್ತೆ ಎಳೆದಳು. ಹಣೆ ತಣ್ಣಗಿತ್ತು. ನಿನ್ನೆಯಿಂದ ಅವಳ ಕೈಗೆ ತಿಳಿದ ಮೊದಲ ಸಂಗತಿ ಅದು.

"ಯಾಕವ್ವ? ಸತ್ ಮ್ಯಾಲಾದ್ರೂ ಮರ್ವಾದೆ ಮಾಡ್ತಾವ್ರೆ, ಇರ್ಲಿ ಬುಡು," ಎಂದ ಬಸವರಾಜು.

ಹುಡುಗರು ಅಂಗಳದಿಂದ ಬಂದು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಹೋದ ವರ್ಷ ಆ ತಟ್ಟೆಯನ್ನು ಅವರೂ ನೋಡಿದ್ದರು. ಒಂದು ಮಾತು ಸಾಕಿತ್ತು, ಸುಂದರೇಶರು ಮುಖ ಎತ್ತದ ಹಾಗೆ ಮಾಡಲು. ಆ ಮಾತು ದಾಕ್ಷಾಯಿಣಿಯ ಗಂಟಲಿನವರೆಗೂ ಬಂತು. ಅತ್ತೆ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು. ಕಿತ್ತಳೆ ತೊಳೆ ಹಿಡಿದು ಬೀದಿಗೆಲ್ಲ ತಿರುಗಿದ ಮುದುಕಿ.

"ಹೋದ ವರ್ಷವೇ ಹಾಕಿದ್ರಲ್ಲ ಬಾವ," ಎಂದಳು ದಾಕ್ಷಾಯಿಣಿ. ದನಿ ತನ್ನದೇ ಎಂಬುದು ಅವಳಿಗೆ ಆಶ್ಚರ್ಯವಾಯಿತು. "ಅವರು ಬದುಕಿದ್ದಾಗ, ಅಷ್ಟು ಜನದ ಎದುರಿಗೆ. ನೀವೇ ಅಲ್ವ ಸಾರ್ ಹಾಕಿದ್ದು? ಅತ್ತೆಗೆ ನಿಮ್ಮ ಬಾಯಿಂದಲೇ ಹೇಳಿ."

ಸುಂದರೇಶರು ಬಾಗಿಲಲ್ಲಿದ್ದವರನ್ನು ನೋಡಿದರು. ಚಿಕ್ಕಣ್ಣ ಕೈಕಟ್ಟಿ ನಿಂತಿದ್ದ. ಮುದುಕಿಯನ್ನು ನೋಡಿದರು.

"ಊಂ ಕಣಪ್ಪ, ಕಿತ್ಲೆ ಹಣ್ಣೂ ಕೊಟ್ಟಿದ್ರಿ," ಎಂದಳು ಶಿವನಂಜಮ್ಮ, ಅವರ ನೆನಪಿಗೆ ಸಹಾಯವಾಗಲೆಂದು.

"ಹೌದು," ಎಂದರು ಸುಂದರೇಶರು. ಕತ್ತು ಕೆಂಪಾಗಿತ್ತು. "ಹೌದಮ್ಮ. ಹಾಕಿದ್ವಿ."

"ಒಬ್ಬರಿಗೇ ಎರಡು ಸಲ ಹಾಕೋ ಪದ್ಧತಿ ಇದೆಯಾ ಸಾರ್?"

"ಇಲ್ಲ."

"ಹಾಗಾದ್ರೆ ಇದನ್ನ ತಗೊಂಡು ಹೋಗಿ."

ಶಾಲನ್ನೂ ತೆಗೆದು ಮಡಿಚಿ, ಪೇಟದ ಜೊತೆ ಗುಮಾಸ್ತನ ಕೈಗೆ ಕೊಟ್ಟಳು. ಶಿವನಂಜಮ್ಮ ತಲೆ ಆಡಿಸಿ, ನಿಜ, ಇನ್ಯಾರಿಗಾರ ಆಗ್ತದೆ, ನಮ್ಗೆ ಬಂದದೆ ಎಂದಳು. ಮಗನ ಮೊಣಕಾಲಿಗೆ ತಲೆ ಹಚ್ಚಿ ಮತ್ತೆ ಅಳತೊಡಗಿದಳು. ದಾಕ್ಷಾಯಿಣಿ ಅವಳ ಪಕ್ಕದಲ್ಲಿ ಕುಸಿದಳು. ಗಂಟಲಿನಿಂದ ಒಂದು ಸದ್ದು ಬಂತು. ಊರ ಹೆಂಗಸರು ಅವಳನ್ನು ತಬ್ಬಿಕೊಂಡರು.

ಐನೋರು ಶಂಖ ಊದಿದರು. ಹುಡುಗರು ವಿಮಾನವನ್ನು ಹೆಗಲಿಗೇರಿಸಿದರು. ಎಲ್ಲರ ತಲೆಗಳಿಗಿಂತ ಮೇಲೆ ಗುರುಮಲ್ಲಪ್ಪ ಬರಿದಲೆಯಲ್ಲಿ ಕೂತಿದ್ದ.

ಓಣಿಯ ಆ ತುದಿಯಲ್ಲಿ ಚರಂಡಿ ಅಗೆದಿದ್ದರು, ಹೊರಡಲು ಇದ್ದದ್ದು ಇದೊಂದೇ ದಾರಿ. ಡ್ರೈವರು ಕಾರು ತಿರುಗಿಸುವುದರೊಳಗೆ ವಿಮಾನ ಬೀದಿಗೆ ಬಂದಾಗಿತ್ತು. ದೇವಯ್ಯನ ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಸುಂದರೇಶರು ಗಡಿಯಾರ ನೋಡಿಕೊಳ್ಳುವುದು ಗೇಟಿನಲ್ಲಿ ನಿಂತ ದಾಕ್ಷಾಯಿಣಿಗೆ ಕಂಡಿತು. ಡ್ರೈವರು ಒಮ್ಮೆ ಹಾರನ್ ಒತ್ತಿದ. ಬೀದಿಯ ಜನವೆಲ್ಲ ತಿರುಗಿ ನೋಡಿದ್ದಕ್ಕೆ ಹೆದರಿ ಮತ್ತೆ ಒತ್ತಲಿಲ್ಲ. ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಚಿಕ್ಕಣ್ಣ ಕತ್ತು ಹೊರಳಿಸಿ ಕಾರನ್ನು ಕಂಡ. ಹೆಜ್ಜೆ ಸಣ್ಣದು ಮಾಡಿದ. ಉಳಿದವರ ಹೆಜ್ಜೆಯೂ ಸಣ್ಣದಾಯಿತು. ಓಡುವುದನ್ನಷ್ಟೇ ಕಲಿತಿದ್ದ ಆ ಕಾಲುಗಳು ಪಾದದ ಮುಂದೆ ಪಾದವಿಟ್ಟು, ಬೀದಿಯ ಅಗಲಕ್ಕೂ ಹರಡಿಕೊಂಡು ನಡೆದವು. ಬಸವರಾಜು ಮೊರದಿಂದ ಪುರಿ ಎರಚುತ್ತಿದ್ದ. ಗಾಳಿಗೆ ಅದು ಹಿಂದಕ್ಕೆ ಹಾರಿ ಕಾರಿನ ಗಾಜಿನ ಮೇಲೆ, ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಬಿಳಿ ಪುರಿ ಹೊತ್ತ ಕಪ್ಪು ಕಾರು ಮೊದಲ ಗೇರಿನಲ್ಲಿ ಗೊರಗುಟ್ಟುತ್ತ, ಹೆಣದ ಹಿಂದೆ ತೆವಳಿಕೊಂಡು ಹೋಯಿತು.