ಹಿತ್ತಲ ಬಾಗಿಲು

ನಮ್ಮ ಮನೆಯ ಹಿತ್ತಲ ಬಾಗಿಲು ಒಮ್ಮೆ ಒಂದಿಡೀ ದಿನ ಮನೆ ಬಿಟ್ಟು ಹೋಗಿತ್ತು. ಊರಿನ ಚರಿತ್ರೆ ಬರೆದವರಾರೂ ಈ ಮಹತ್ವದ ಘಟನೆಯನ್ನು ದಾಖಲಿಸಿಲ್ಲವಾದ್ದರಿಂದ ಆ ಹೊಣೆ ನನ್ನ ಮೇಲೆ ಬಿದ್ದಿದೆ. ನೀಲಿ ಬಣ್ಣದ, ಕೆಳಗಡೆ ಇಲಿ ಕಡಿದ, ಸಾಧಾರಣ ಬಾಗಿಲು ಅದು.

ಚುನಾವಣೆಗೆ ಮುಂಚೆ ಪುರಸಭೆ ಹೊಸ ನಿಯಮ ತಂದಿತ್ತು: ಮನೆಗೆ ಬಾಗಿಲಿದ್ದವರಿಗೆ ಮಾತ್ರ ಮತ. ತಪಾಸಣೆ ಮೊದಲು, ಬಾಗಿಲಿಗೆ ಸಂಖ್ಯೆಯ ತಗಡು ಹೊಡೆಯುವುದು ಆಮೇಲೆ. ನಿಯಮ ಎಲ್ಲರಿಗೂ ಒಂದೇ. ಬಾಗಿಲಿಲ್ಲದ್ದು ಮಾತ್ರ ಮೇದರ ಬೀದಿಗೆ. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವ ಅವರ ಗುಡಿಸಲುಗಳಿಗೆ ಬಿದಿರಿನ ತಟ್ಟಿಯೇ ಬಾಗಿಲು. ತಟ್ಟಿ ಬಾಗಿಲಲ್ಲವೆಂದು ಪುರಸಭೆ ತೀರ್ಮಾನಿಸಿತು. ಆ ಬೀದಿ ಕೆಡವಿ ಅಂಗಡಿ ಸಾಲು ಕಟ್ಟಬೇಕೆಂದು ಅದಕ್ಕೂ ಮೊದಲೇ ತೀರ್ಮಾನಿಸಿತ್ತು. ತಡೆಯಲು ಅವರ ಕೈಯಲ್ಲಿದ್ದದ್ದು ಮತವೊಂದೇ.

ತಪಾಸಣೆಯ ಬೆಳಿಗ್ಗೆ ಬುಟ್ಟಿ ಮಾರುವ ತಿಪ್ಪವ್ವ ಹಿತ್ತಲಿಗೆ ಬಂದಳು.

"ಅಯ್ಯಾ, ನಿಮ್ ಬಾಗ್ಲು ಇವತ್ತೊಂದಿನ ಕೊಡ್ರಿ."

"ಕಳ್ಳ ಬಂದರೆ?"

"ನಿಮ್ಮನೇಲಿ ಪುಸ್ತಕ ಬಿಟ್ರೆ ಏನೈತೆ? ಕೂತು ಓದ್ಕೊಂಡ್ ಹೋಗ್ತಾನೆ, ಬಿಡ್ರಿ."

ಕೊಟ್ಟೆ. ಕುತೂಹಲಕ್ಕೆ ಹಿಂದೆಯೇ ಹೋದೆ.

ಉಪಾಯ ಸರಳವಾಗಿತ್ತು. ಅಧಿಕಾರಿ ನರಹರಿರಾಯರು ಒಂದು ಗುಡಿಸಲು ನೋಡಿ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಕೊಟ್ಟ ಮಜ್ಜಿಗೆ ಕುಡಿಯುವಷ್ಟರಲ್ಲಿ ತಿಪ್ಪವ್ವನ ಅಳಿಯ ಓಬಳೇಶ ಬಾಗಿಲನ್ನು ಹಿಂದಿನಿಂದ ಹೊತ್ತೊಯ್ದು ಮುಂದಿನ ಗುಡಿಸಲಿಗೆ ನಿಲ್ಲಿಸುತ್ತಿದ್ದ. ರಾಯರು ಮಜ್ಜಿಗೆಯನ್ನು ನಿಧಾನವಾಗಿ ಕುಡಿಯುವವರು. ಎಲ್ಲವೂ ಸಾಂಗವಾಗಿ ನಡೆಯಬೇಕಿತ್ತು.

ಆದರೆ ಮನೆಗೆ ಬಾಗಿಲು ಬಂದರೆ, ಸೊಸೆಯನ್ನು ತುಂಬಿಸಿಕೊಂಡಂತೆ, ಅರಿಸಿನ ಕುಂಕುಮ ಹಚ್ಚದೆ ನಿಲ್ಲಿಸುವ ಪದ್ಧತಿ ಆ ಬೀದಿಯಲ್ಲಿರಲಿಲ್ಲ.

"ಲೇ, ಎರವಲು ಬಾಗ್ಲು ಕಣವ್ವಾ, ಬಿಡೇ!" ಎಂದು ಓಬಳೇಶ ಹಲ್ಲು ಕಚ್ಚಿದ.

"ಎರವಲಾದ್ರೇನು, ನಿಂತಿರೋದು ನಮ್ಮನೇಲಿ," ಎಂದಳು ಮೊದಲ ಮನೆಯಾಕೆ. ಮುಂದಿನ ಮನೆಯಾಕೆಯೂ ಅದನ್ನೇ ಅಂದಳು. ಹಿಂದಿನವಳ ಕುಂಕುಮ ಒರೆಸುವುದು ಅಪಶಕುನ. ಆದ್ದರಿಂದ ಪ್ರತಿಯೊಬ್ಬಳೂ ಅದರ ಪಕ್ಕದಲ್ಲಿ ತನ್ನದನ್ನಿಟ್ಟಳು. ಬೀದಿಯ ಕೊನೆ ಮುಟ್ಟುವಾಗ ನನ್ನ ನೀಲಿ ಬಾಗಿಲು ಕೆಂಪಾಗಿತ್ತು.

ರಾಯರು ಬೆರಳಿಂದ ಮುಟ್ಟಿ ನೋಡಿದರು. ಹಸಿಯಾಗಿತ್ತು.

"ಬಹಳ ಓಡಾಡಿದ ಬಾಗಿಲು," ಎಂದರು, ಕೋಪವಿಲ್ಲದೆ. ಹಾಕಿದ್ದ ಗುರುತುಗಳನ್ನೆಲ್ಲ ಅಲ್ಲೇ ಹೊಡೆದುಹಾಕಿದರು.

ತಿಪ್ಪವ್ವ ತನ್ನ ಗುಡಿಸಲ ತಟ್ಟಿಯನ್ನು ಸರಿಸಿದಳು. ಒಳಗೆ ಅವಳ ಬಾಣಂತಿ ಮಗಳು ಕೂಸಿನೊಡನೆ ಕೂತಿದ್ದಳು. "ನೋಡಿ ಸ್ವಾಮಿ. ತಟ್ಟಿ ಹಿಂದೆ ಮನುಷ್ರೇ ಇರೋದು."

"ಇಲ್ಲವೆಂದು ನಾನೆಲ್ಲಿ ಅಂದೆ, ತಾಯಿ? ನಿಯಮ ಕೇಳೋದು ಬಾಗಿಲನ್ನು." ಅವರು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

ಸಂಜೆ ಓಬಳೇಶ ಬಾಗಿಲು ತಂದು ಕೀಲುಗಳಿಗೆ ಕೂರಿಸಿದ. "ಒರೆಸಿಲ್ಲ ಅಯ್ಯಾ, ಒರೆಸಬಾರ್ದು," ಎಂದ. ನಾನೂ ಒರೆಸಲಿಲ್ಲ.

ಮತದಾನದ ದಿನ ಮೇದರ ಬೀದಿಗೆ ಬೀದಿಯೇ ಸಾಲಿನಲ್ಲಿ ನಿಂತು, ಮತ ಹಾಕಲಾಗದೆ ಹಾಗೆಯೇ ವಾಪಸು ಬಂತು. ಗೆದ್ದವರು ಮಳೆಗಾಲಕ್ಕೆ ಮೊದಲೇ ಗುಡಿಸಲುಗಳನ್ನು ಕೆಡವಿಸಿದರು. ತಿಪ್ಪವ್ವನ ಮನೆಯವರು ತಟ್ಟಿ ಸುತ್ತಿಕೊಂಡು, ಕೂಸನ್ನೆತ್ತಿಕೊಂಡು ಎತ್ತಲೋ ಹೋದರು. ನಮ್ಮ ಹಿತ್ತಲ ಬಾಗಿಲ ಮೇಲೆ ಕುಂಕುಮ ಕಪ್ಪಾಗಿ ಉಳಿದಿದೆ.

ಈಗ ಅಲ್ಲಿ ಅಂಗಡಿಗಳಿವೆ. ಎಲ್ಲಕ್ಕೂ ಬಾಗಿಲಿದೆ.